ಅಜ್ಜಯ್ಯನಿಗೆ ಹೊದಿಸಿದ ಕಂಬಳಿ

ದ್ಯಾಮಮ್ಮನ ಕೈಯ ಹೊಲಿಗೆ ತಾನಾಗಿ ಬಿಚ್ಚಿಕೊಂಡದ್ದನ್ನು ಅಜ್ಜಂಪುರದಲ್ಲಿ ಯಾರೂ ಕಂಡಿರಲಿಲ್ಲ. ಕುರುಬರ ಬೀದಿಯಲ್ಲಿ ಆಗ ಮನೆಗೊಂದು ಮಗ್ಗವಿತ್ತು. ಹೆಂಗಸರು ಉಣ್ಣೆ ನೂಲುವರು, ಗಂಡಸರು ನೇಯುವರು. ನೇಯ್ದ ಪಟ್ಟಿಗಳನ್ನು ಜೋಡಿಸಿ ದಬ್ಬಣದಲ್ಲಿ ಹೊಲಿಯುವ ಕೆಲಸಕ್ಕೆ ಮಾತ್ರ ಇಡೀ ಬೀದಿ ದ್ಯಾಮಮ್ಮನ ಜಗಲಿಗೇ ಬರಬೇಕಿತ್ತು. ಕಂಬಳಿ ಹರಿದೀತು, ಅವಳ ಹೊಲಿಗೆ ಹರಿಯದು ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು; ಅದರಿಂದ ಒಂದಿಷ್ಟು ಜಂಬವೂ ಇತ್ತು. ಅಷ್ಟು ಚೆನ್ನಾಗಿ ಕೆಲಸ ಬಲ್ಲವರಿಗೆ ಅಷ್ಟಾದರೂ ಜಂಬ ಇಲ್ಲದಿದ್ದರೆ ನನಗೆ ಅವರ ಮೇಲೇ ಅನುಮಾನ ಬರುತ್ತದೆ.

ನಾನು ಷಣ್ಮುಖಪ್ಪ. ಎಪ್ಪತ್ತೆರಡರಲ್ಲಿ ಊರಾಚೆ ಮೈಲುತುತ್ತದ ಕಾರ್ಖಾನೆ ಶುರುವಾದಾಗ ಅದರ ಗೇಟಿನ ಎದುರು ಹೋಟೆಲು ಇಟ್ಟವನು. ಕಾಫಿಗೆ ನೀರು ಹೆಚ್ಚಾಯಿತು ಎಂದವರನ್ನು ಬೈದು ಕಳಿಸುತ್ತಿದ್ದೆ. ಮಾರನೆಯ ದಿನ ಅವರೇ ಬರುತ್ತಿದ್ದರು, ಯಾಕೆಂದರೆ ಸುತ್ತಮುತ್ತ ಬೇರೆ ಹೋಟೆಲಿರಲಿಲ್ಲ. ಜಗಳಗಂಟ ಎಂದು ನನಗೆ ಹೆಸರು. ಆದರೆ ನಾನು ಕಂಡದ್ದನ್ನು ಕಂಡ ಹಾಗೆ ಹೇಳುವವನು, ಅದನ್ನು ಯಾರೂ ಅಲ್ಲ ಎನ್ನಲಾರರು.

ಕಾರ್ಖಾನೆ ದೊಡ್ಡದೇನಲ್ಲ. ತಗಡಿನ ಎರಡು ಶೆಡ್ಡು, ಸೌದೆ ಉರಿಸುವ ಒಂದು ಬಾಯ್ಲರು, ಬಯಲಿನಲ್ಲಿ ಒಂದು ಟ್ಯಾಂಕು. ಗುಜರಿ ತಾಮ್ರದ ತಂತಿಯನ್ನು ಬಿಸಿ ಆಸಿಡ್ಡಿನಲ್ಲಿ ಕರಗಿಸಿ ಆರಲು ಬಿಟ್ಟರೆ ಮೈಲುತುತ್ತದ ನೀಲಿ ಹರಳು ಕಟ್ಟುತ್ತದೆ. ಅಡಿಕೆಗೆ ಕೊಳೆರೋಗ ಹತ್ತದಂತೆ ಸಿಂಪಡಿಸಲು ಮುಂಗಾರಿಗೆ ಮೊದಲೇ ಲಿಂಗದಹಳ್ಳಿ ಕಡೆಯವರು ಬಂದು ಮೂಟೆ ಮೂಟೆ ಒಯ್ಯುತ್ತಿದ್ದರು. ತಣ್ಣಗಿನ ಆಸಿಡ್ಡಿನಲ್ಲಿ ತಾಮ್ರ ಕರಗುವುದಿಲ್ಲವಂತೆ. ಹಾಗಾಗಿ ಟ್ಯಾಂಕಿನ ಆಸಿಡ್ಡನ್ನು ಹಬೆಯ ಕೊಳವೆಯಿಂದ ಹಗಲೂ ರಾತ್ರಿ ಬಿಸಿಯಾಗಿಯೇ ಇಡಬೇಕಿತ್ತು. ಟ್ಯಾಂಕು ಹೊರಗೆ ಕಬ್ಬಿಣ, ಒಳಗೆ ಸೀಸದ ತಗಡಿನ ಪದರ. ಆಸಿಡ್ಡು ಸೀಸವನ್ನು ತಿನ್ನದು, ಆದರೆ ಸೀಸ ಮೆತ್ತಗಿನದು, ತನ್ನಷ್ಟಕ್ಕೆ ನಿಲ್ಲಲಾರದು. ಒಳಗಿನಿಂದ ಸೀಸ ಕಬ್ಬಿಣವನ್ನು ಕಾಯಬೇಕು, ಹೊರಗಿನಿಂದ ಕಬ್ಬಿಣ ಸೀಸವನ್ನು ಹಿಡಿದುಕೊಳ್ಳಬೇಕು.

"ಗಂಡ ಹೆಂಡ್ತಿ ಇದ್ದಂಗೆ ಕಣ್ರೀ ಷಣ್ಮುಖಪ್ಪ" ಎಂದು ಮೇಲ್ವಿಚಾರಕ ಸೋಮಶೇಖರಪ್ಪ ನನಗೆ ತಿಳಿಸಿ ಹೇಳಿದ್ದ. ಡಿಪ್ಲೊಮಾ ಓದಿದ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ಮದುವೆಯಾಗದವರಿಗೆ ಇಂಥ ಹೋಲಿಕೆಗಳು ಬೇಗ ಹೊಳೆಯುತ್ತವೆ.

ದ್ಯಾಮಮ್ಮನ ಗಂಡ ಲಕ್ಕಣ್ಣ ಮಗ್ಗ ಬಿಟ್ಟು ಕಾರ್ಖಾನೆಗೆ ಸೇರಿದ್ದ. ಟ್ಯಾಂಕಿನ ಮೇಲಿನ ಅಟ್ಟಣೆಯಲ್ಲಿ ನಿಂತು ಹಬೆಯ ವಾಲ್ವು ತಿರುಗಿಸುವುದು ಅವನ ಕೆಲಸ. ಕೆಳಗೆ ಆಸಿಡ್ಡು ಇಳಿಸಿಕೊಳ್ಳುವವನು ಅದೇ ಬೀದಿಯ ಕರಿಯಪ್ಪ. ಇಬ್ಬರೂ ಒಂದೇ ಬೀಡಿ ಹಂಚಿಕೊಂಡು ಸೇದುತ್ತ, ನನ್ನ ಹೋಟೆಲಿನಲ್ಲಿ ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಮಾಡಿಸಿಕೊಳ್ಳುತ್ತಿದ್ದ ಜೋಡಿ.

ಬಯಲುಸೀಮೆಯ ಗಾಳಿಗೆ ಟ್ಯಾಂಕು ಬೇಗ ತಣ್ಣಗಾಗುತ್ತಿತ್ತು. ಎಷ್ಟು ಸೌದೆ ಒಟ್ಟಿದರೂ ಸಾಲದೆಂದು ಕಾರ್ಖಾನೆಯ ಸಾಹುಕಾರರು ಕೂಗಾಡುತ್ತಿದ್ದರು. ಟ್ಯಾಂಕಿನ ಸುತ್ತ ಹುಲ್ಲು ಕಟ್ಟಿ ನೋಡಿದರು, ಗೋಣಿ ಸುತ್ತಿ ನೋಡಿದರು. ಆಸಿಡ್ಡಿನ ಹನಿ ಸಿಡಿದ ಕಡೆಯೆಲ್ಲ ಗೋಣಿ ಕರಗಿ ತೂತು ಬೀಳುತ್ತಿತ್ತು. ಆಗ ಲಕ್ಕಣ್ಣನಿಗೆ ಒಂದು ವಿಚಾರ ಹೊಳೆಯಿತು. ಆಸಿಡ್ಡು ಸಿಡಿದು ಅವನ ಪಂಚೆ, ಅಂಗಿ ಎಲ್ಲ ಜರಡಿಯಾಗಿದ್ದವು, ಹೆಗಲ ಮೇಲಿನ ಕಂಬಳಿಗೆ ಮಾತ್ರ ಏನೂ ಆಗಿರಲಿಲ್ಲ. ಉಣ್ಣೆಯನ್ನು ಆ ನೀರು ಬೆರೆಸಿದ ಆಸಿಡ್ಡು ಅಷ್ಟು ಬೇಗ ತಿನ್ನುವುದಿಲ್ಲ ಎಂದು ಸೋಮಶೇಖರಪ್ಪನೂ ಒಪ್ಪಿದ. ಹೆಪ್ಪು ಹಾಕಿದ ಮಡಕೆಗೆ, ಚಳಿಯಲ್ಲಿ ಹುಟ್ಟಿದ ಕುರಿಮರಿಗೆ ಕಂಬಳಿ ಸುತ್ತುವ ಜನ ನಾವು; ಟ್ಯಾಂಕಿಗೆ ಸುತ್ತಿದರೆ ತಪ್ಪೇನು?

ಎಪ್ಪತ್ತನಾಲ್ಕರ ಆಯುಧಪೂಜೆಯ ಹಿಂದಿನ ವಾರ ದ್ಯಾಮಮ್ಮ ಏಣಿ ಹತ್ತಿ ಟ್ಯಾಂಕಿಗೆ ಕಂಬಳಿ ಹೊಲಿದಳು. ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ ಕರಿ ಕಂಬಳಿ, ಮಳೆ ಬಿದ್ದರೆ ಜಾರಿಹೋಗಬೇಕು, ಹಾಗಿತ್ತು. ಕೊರಳಿನಿಂದ ಬುಡದವರೆಗೆ ಒಂದು ಸುಕ್ಕಿಲ್ಲದ ಹಾಗೆ ಹೊಲಿದಳು. ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಅಜ್ಜಯ್ಯ ಕುಂತಂಗೆ ಕಾಣ್ತದೆ ಕಣೇ" ಎಂದು ಪಕ್ಕದಲ್ಲಿದ್ದ ಕರಿಯಪ್ಪನ ಹೆಂಡತಿ ಕರಿಬಸಮ್ಮನಿಗೆ ಹೇಳಿದಳು. ನಿಜವಾಗಿಯೂ ಚಳಿಗೆ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕುಳಿತ ಮುದುಕನ ಹಾಗೆಯೇ ಇತ್ತು. ಅಂದಿನಿಂದ ಟ್ಯಾಂಕಿಗೆ ಅಜ್ಜಯ್ಯ ಎಂದೇ ಹೆಸರಾಯಿತು. ಅಜ್ಜಯ್ಯನಿಗೆ ಬಿಸಿಯಾಯಿತಾ, ಅಜ್ಜಯ್ಯ ಹೊಟ್ಟೆ ತುಂಬ ಕುಡಿದನಾ ಎಂದು ಮಾತಾಡುವರು. ಸೌದೆ ಅರ್ಧಕ್ಕೆ ಅರ್ಧ ಉಳಿಯಿತೆಂದು ಸಾಹುಕಾರರು ದ್ಯಾಮಮ್ಮನಿಗೆ ಸೀರೆ ಕೊಟ್ಟರು.

ಹೆಸರಿಟ್ಟ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಆಯುಧಪೂಜೆಗೆ ಅಜ್ಜಯ್ಯನಿಗೆ ಅರಿಸಿನದ ಭಂಡಾರ ಹಚ್ಚಿದರು, ಕಾಯಿ ಒಡೆದರು. ಆ ಬೀದಿಯವರ ದೇವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಗದ್ದಿಗೆಗೆ ಹಾಸಿದ ಕಂಬಳಿಯನ್ನು ಕೀಳಬಾರದು, ಹಳೆಯದಾದರೆ ಅದರ ಮೇಲೆಯೇ ಹೊಸದನ್ನು ಹಾಸಬೇಕು. ಆ ಕಟ್ಟಳೆ ಹೇಗೋ ಗೇಟು ದಾಟಿ ಟ್ಯಾಂಕಿಗೂ ಬಂತು. ವರ್ಷ ವರ್ಷವೂ ಹಳೆಯ ಕಂಬಳಿಯ ಮೇಲೆ ದ್ಯಾಮಮ್ಮ ಹೊಸದನ್ನು ಹೊಲಿದಳು. ಒಮ್ಮೆ ಸೋಮಶೇಖರಪ್ಪ, "ಇದನ್ನ ಒಂದ್ಸಲ ಪೂರ್ತಿ ಬಿಚ್ಚಿ, ಕಬ್ಬಿಣ ಉಜ್ಜಿ, ರೆಡ್ ಆಕ್ಸೈಡ್ ಬಳೀಬೇಕಲ್ಲ" ಎಂದಾಗ ಆಳುಗಳೆಲ್ಲ ಮುಖ ಮುಖ ನೋಡಿಕೊಂಡರು. ಬಿಚ್ಚಿದರೆ ನಾಲ್ಕು ದಿನ ಕೆಲಸ ನಿಲ್ಲುತ್ತದೆಂದು ಸಾಹುಕಾರರಿಗೂ ಅದು ಬೇಡವಾಗಿತ್ತು. ದೇವರ ಭಯ ಒಂದು ಕಡೆ, ದುಡ್ಡಿನ ಆಸೆ ಇನ್ನೊಂದು ಕಡೆ ಸೇರಿದರೆ ಡಿಪ್ಲೊಮಾ ಏನು ಮಾಡೀತು! ಹುಡುಗ ಸುಮ್ಮನಾದ.

ಎಂಬತ್ತೊಂದರ ನವರಾತ್ರಿ. ಆಯುಧಪೂಜೆಗೆ ಇನ್ನೆರಡು ದಿನವಿತ್ತು. ಮಧ್ಯಾಹ್ನ ಜಿಟಿಜಿಟಿ ಮಳೆ. ನಾನು ಕಾಫಿಯ ಕ್ಯಾನು ಹಿಡಿದು ಗೇಟಿನೊಳಗೆ ಕಾಲಿಟ್ಟಿದ್ದೆ. ಲಕ್ಕಣ್ಣ ಅಟ್ಟಣೆಯ ಮೇಲಿದ್ದ, ಕರಿಯಪ್ಪ ಕೆಳಗೆ ಬುಡದ ವಾಲ್ವಿನ ಹತ್ತಿರ ಬಗ್ಗಿದ್ದ. ಅಜ್ಜಯ್ಯನ ಸೊಂಟದ ಹತ್ತಿರ ಕಂಬಳಿ ಮೆಲ್ಲಗೆ ಉಬ್ಬುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಮಳೆಗೆ ಕಣ್ಣು ಮಂಜಾಯಿತೇನೋ ಎಂದು ಕಣ್ಣುಜ್ಜಿಕೊಂಡೆ. ಉಬ್ಬು ದೊಡ್ಡದಾಯಿತು. ಲಕ್ಕಣ್ಣನೂ ಕಂಡ. "ಕರಿಯಾ, ಓಡೋ!" ಎಂದು ಕೂಗಿದ. ಕರಿಯಪ್ಪ ತಲೆಯೆತ್ತಿ ನೋಡಿದನೇ ಹೊರತು ಓಡಲಿಲ್ಲ. ಏನಾಗುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ. ಲಕ್ಕಣ್ಣ ಅಟ್ಟಣೆಯ ಮೇಲೆಯೇ ನಿಂತಿದ್ದರೆ ಬದುಕುತ್ತಿದ್ದ. ಅವನು ಏಣಿಯನ್ನೂ ಹಿಡಿಯದೆ ಕೆಳಗೆ ಹಾರಿ ಕರಿಯಪ್ಪನ ರಟ್ಟೆಗೆ ಕೈ ಹಾಕಿದ. ಅಷ್ಟು ಹೊತ್ತೂ ದ್ಯಾಮಮ್ಮನ ಹೊಲಿಗೆ ತಡೆದಿತ್ತು. ಕೊನೆಗೆ ಅದೂ ಹರಿಯಿತು.

ಆಮೇಲೆ ನಾನು ಕಂಡದ್ದನ್ನು ಬರೆಯುವುದಿಲ್ಲ. ಕಾಫಿಯ ಕ್ಯಾನು ಎಲ್ಲಿ ಬಿತ್ತೋ ಗೊತ್ತಿಲ್ಲ. ಇಬ್ಬರನ್ನೂ ಶಿವಮೊಗ್ಗಕ್ಕೆ ಒಯ್ದರು. ಕರಿಯಪ್ಪ ದಾರಿಯಲ್ಲೇ ಹೋದ, ಲಕ್ಕಣ್ಣ ಮಾರನೆಯ ಬೆಳಿಗ್ಗೆ ಹೋದ. ಒಂದೇ ದಿನ ಮಣ್ಣು ಮಾಡಿದರು.

ಇನ್ನೊಂದನ್ನು ಮಾತ್ರ ಹೇಳಬೇಕು, ಅದು ಈಗಲೂ ನನ್ನ ಕಣ್ಣಿಗೆ ಕಟ್ಟುತ್ತದೆ. ಒಡೆದ ಕಬ್ಬಿಣವನ್ನೂ ಸೀಸವನ್ನೂ ಸಾಹುಕಾರರು ಅವಸರದಲ್ಲಿ ಕತ್ತರಿಸಿ ಮೇಲಿನಿಂದ ಎತ್ತಿಸಿ ಗುಜರಿಯವನಿಗೆ ಹಾಕಿದರು. ಒಳಗಿನ ಟ್ಯಾಂಕು ಹೋದ ಮೇಲೂ ಕಂಬಳಿ ನಿಂತಿತ್ತು. ಗಂಜಿ, ಆಸಿಡ್ಡು, ಮೈಲುತುತ್ತ ಕುಡಿದು ಏಳು ವರ್ಷದ ಏಳು ಪದರ ಹಲಗೆಯಂತೆ ಗಟ್ಟಿಯಾಗಿತ್ತು. ಹರಿದ ಕಡೆ ಒಂದಿಷ್ಟು ಕುಸಿದಿತ್ತು, ಉಳಿದದ್ದು ಹಾಗೆಯೇ ಕುಕ್ಕರುಗಾಲಿನ ಮುದುಕ. ಒಳಗೆ ಯಾರೂ ಇರಲಿಲ್ಲ. ಗಾಳಿ ಬೀಸಿದಾಗ ಅದರೊಳಗಿಂದ ಉಸಿರಿನಂಥ ಸದ್ದು ಬರುತ್ತಿತ್ತು. ಆಳುಗಳು ಆ ಕಡೆ ಹೋಗಲೊಲ್ಲದೆ ಸುತ್ತಿ ಬಳಸಿ ಓಡಾಡಿದರು. ಕಡೆಗೆ ಸಾಹುಕಾರರು ಸೀಮೆಎಣ್ಣೆ ಸುರಿದು ಸುಡಿಸಿದರು. ಊರೆಲ್ಲ ಕೂದಲು ಸುಟ್ಟ ವಾಸನೆ. ನನ್ನ ಹೆಂಡತಿ ತೀರ್ಥಮ್ಮ ಅಂದು ಒಲೆ ಹಚ್ಚಲಿಲ್ಲ.

ತಪ್ಪು ಯಾರದು ಎಂದು ಕೇಳಿದವರಿಗೆ ಸಾಹುಕಾರರು ಹೇಳಿದ್ದು ಒಂದೇ ಮಾತು: ಲಕ್ಕಣ್ಣ ಹಬೆಯ ವಾಲ್ವನ್ನು ವಿಪರೀತ ಬಿಟ್ಟ, ಟ್ಯಾಂಕು ಕುದಿದು ಒಡೆಯಿತು. ಸತ್ತವನು ಎದ್ದು ಬಂದು ಅಲ್ಲ ಎನ್ನುತ್ತಾನೆಯೇ? ಮೇಲಿನಿಂದ ಬಂದ ಅಧಿಕಾರಿಗಳು ಸಾಹುಕಾರರ ಕಾಫಿ ಕುಡಿದು ತಲೆಯಾಡಿಸಿ ಹೋದರು. ಲಕ್ಕಣ್ಣ ಗೆಳೆಯನನ್ನು ಎಳೆಯಲು ಹಾರಿದ್ದನ್ನು ನಾನು ನೂರು ಜನಕ್ಕೆ ಹೇಳಿದೆ. "ತಪ್ಪು ಮಾಡಿದೋನು, ಗಾಬ್ರೀಲಿ ಹಾರ್ದ" ಎಂದರು. ಜನರ ಬಾಯಿಗೆ ಬಾಗಿಲಿಲ್ಲ.

ಕರಿಬಸಮ್ಮ ಆ ಮಾತನ್ನು ನಂಬಿದಳು. ಅವಳನ್ನು ನಾನು ದೂರುವುದಿಲ್ಲ. ಗಂಡ ಹಾಗೆ ಸತ್ತವಳಿಗೆ ನಂಬಲು ಏನಾದರೂ ಬೇಕಲ್ಲ. ತಿಥಿ ಮುಗಿದ ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಅವಳು ದ್ಯಾಮಮ್ಮನ ಮನೆಯ ಮುಂದೆ ಬಂದು ನಿಂತಳು. ದ್ಯಾಮಮ್ಮನನ್ನು ಕರೆಯಲಿಲ್ಲ. ಸತ್ತವನನ್ನು ಕರೆದಳು.

"ಲಕ್ಕಣ್ಣಾ, ಏ ಲಕ್ಕಣ್ಣಾ, ನನ್ ಗಂಡನ್ನ ಏನ್ ಮಾಡ್ದೋ? ಹೊರಗ್ ಬಂದು ಹೇಳೋ!"

ಒಂದು ದಿನವಲ್ಲ, ಎರಡು ದಿನವಲ್ಲ. ಮಳೆ ಬಂದರೆ ತಲೆ-ಬೆನ್ನು ಮುಚ್ಚುವ ಗೊರಗ ಹಾಕಿಕೊಂಡು ಬರುವಳು. ಜ್ವರವಿದ್ದರೆ ಗೋಡೆ ಹಿಡಿದು ಬರುವಳು. ಕೂಗಿ, ಉತ್ತರಕ್ಕೆ ಕಾದವಳ ಹಾಗೆ ಸ್ವಲ್ಪ ನಿಂತು ಹೋಗುವಳು. ಬೀದಿಯ ಹೆಂಗಸರು ಮೊದಮೊದಲು ತಡೆದರು. ಆಮೇಲೆ ದೀಪದ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳತೊಡಗಿದರು. ಆ ಕೂಗಿಗೆ ನಿಜವಾಗಿ ಒಂದು ದಿನ ಲಕ್ಕಣ್ಣ ಬಂದುಬಿಟ್ಟರೆ ಎಂಬ ಭಯ ಅವರಿಗೆ. ದ್ಯಾಮಮ್ಮ ಒಳಗೆ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು.

ಇದು ಹೀಗಿರುವಾಗ ಸೋಮಶೇಖರಪ್ಪ ಕೆಲಸ ಬಿಟ್ಟ. ಕಡೂರಿನ ಬಸ್ಸಿಗೆ ಕಾಯುತ್ತ ನನ್ನ ಹೋಟೆಲಿನಲ್ಲಿ ಕೂತವನು ಕಾಫಿ ಮುಟ್ಟದೆ ಮಾತಾಡಿದ.

"ಸುಡೋಕ್ ಮುಂಚೆ ಕಂಬಳಿ ಒಳಗೆ ಕೈ ಹಾಕಿ ನೋಡಿದೀನಿ ಷಣ್ಮುಖಪ್ಪ. ಒಳಮೈಗೆ ಬೆರಳು ದಪ್ಪ ತುಕ್ಕು ಅಂಟ್ಕೊಂಡಿತ್ತು, ಹಪ್ಪಳದ ಥರ ಪದರ ಪದರ. ಅದೇ ನಮ್ ಟ್ಯಾಂಕು. ಮೇಲಿನ ಅಂಚಿಂದ ಹಬೆ, ಆಸಿಡ್ಡು ಬೆವತು ಕಂಬಳಿಗೂ ಕಬ್ಬಿಣಕ್ಕೂ ಮಧ್ಯೆ ಇಳೀತಿತ್ತು. ಮಳೆನೇ ಒಳಗೆ ಬಿಡದ ಕಂಬಳಿ, ಒಳಗಿನ ತೇವಾನ ಹೊರಗೆ ಬಿಡುತ್ತಾ? ಬಿಸಿ ಬೇರೆ. ಹೊರಗಡೆಯಿಂದ ಪೂರಾ ತಿಂದಾಕ್ಬಿಟ್ಟಿತ್ತು. ಕಬ್ಬಿಣ ಹೋದ್ಮೇಲೆ ಬರೀ ಸೀಸ ಏನ್ ತಡಿಯುತ್ತೆ? ಲಕ್ಕಣ್ಣನ ವಾಲ್ವು ಸರಿಯಾಗೇ ಇತ್ತು."

"ಇದನ್ನ ಆ ಅಧಿಕಾರಿಗಳಿಗೆ ಹೇಳೋಕ್ ಏನಾಗಿತ್ತಯ್ಯಾ ನಿನಗೆ?" ಎಂದು ಗದರಿದೆ.

"ಹೇಳ್ದೆ. ಅದಕ್ಕೇ ಇವತ್ತು ಬಸ್ಸಿಗೆ ಕಾಯ್ತಿರೋದು" ಎಂದ. ಬಸ್ಸು ಬಂತು, ಹೋದ.

ನನಗೆ ಹೇಳಲಾರದಷ್ಟು ಖುಷಿಯಾಯಿತು. ಲಕ್ಕಣ್ಣನ ತಪ್ಪಿಲ್ಲ! ಹೋಟೆಲನ್ನು ಹಾಗೆಯೇ ಬಿಟ್ಟು ಕುರುಬರ ಬೀದಿಗೆ ಓಡಿದೆ. ದ್ಯಾಮಮ್ಮ ಉಣ್ಣೆ ಹಿಂಜುತ್ತಿದ್ದಳು. ಒಳ್ಳೆಯ ಸುದ್ದಿ ತಂದವನ ಉಬ್ಬಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವಳ ಕೈ ನಿಂತಿತು. "ಕಂಬಳಿ ಒಳಗಾ?" ಎಂದಳು.

ಆಗ ನನಗೆ ನಾನೇನು ಹೇಳಿದೆನೆಂದು ಅರಿವಾಯಿತು. ಮಾತು ತೇಲಿಸಲು ನೋಡಿದೆ. "ಕಂಬಳಿ ತಪ್ಪಲ್ಲ ತಾಯೀ. ವರ್ಷಕ್ಕೊಂದ್ಸಲ ಬಿಚ್ಚಿ ಒಣಗ್ಸಿ ಬಣ್ಣ ಬಳಿದಿದ್ರೆ ಏನೂ ಆಗ್ತಿರಲಿಲ್ಲವಂತೆ."

ಅವಳು ಹಿಂಜುತ್ತಿದ್ದ ಉಣ್ಣೆಯನ್ನು ಬದಿಗಿಟ್ಟಳು. ಆಮೇಲೆ ಹೇಳಿದಳು: "ಷಣ್ಮುಖಪ್ನೋರೇ, ನಮ್ಮೋರು ಬಿಚ್ಚು ಅಂದಿದ್ರು. ಹಬ್ಬಕ್ಕೆ ಹದಿನೈದು ದಿನ ಮುಂಚೆ. ಬುಡದಾಗೆ ಕೆಂಪುನೀರು ಸೋರ್ತದೆ ಕಣೇ, ಒಂದ್ ಕಡೆ ಹೊಲಿಗೆ ಕೊಯ್ದು ಕೊಡು, ಒಳಗೆ ಏನಾಗದೆ ನೋಡ್ತೀನಿ ಅಂದ್ರು. ನಾನು ಬೈದೆ. ಹೊದಿಸಿದ್ ಕಂಬಳಿ ಕೊಯ್ದರೆ ಮನೆಗೆ ಒಳ್ಳೇದಲ್ಲ, ಹಬ್ಬ ಕಳೀಲಿ ನೋಡಾನ ಅಂದೆ. ಏಳು ವರ್ಷದ ಹೊಲಿಗೆ. ಕೊಯ್ಯೋಕೆ ನಂಗೇ ಮನಸ್ ಬರ್ಲಿಲ್ಲ. ದೇವರ ಹೆಸರು ಹೇಳ್ದೆ, ನಿಜಕ್ಕೂ ನನ್ ಹೊಲಿಗೆ ಮೇಲಿನ್ ಆಸೆ. ಅವ್ರು, ಆಯ್ತು ಬಿಡು, ನೀನ್ ಹೇಳ್ದಂಗೇ ಆಗ್ಲಿ ಅಂದ್ರು."

ಗಂಡನ ಹೆಸರು ಉಳಿಯಬೇಕಾದರೆ ಗಂಡನನ್ನು ಕೊಂದವಳು ತಾನೆಂದು ಬೀದಿಯ ಮುಂದೆ ಹೇಳಬೇಕು. ಹೇಳದಿದ್ದರೆ ದಿನವೂ ಸಂಜೆ ಸತ್ತವನು ತನ್ನ ಬಾಗಿಲಲ್ಲೇ ಕೊಲೆಗಾರ ಎನ್ನಿಸಿಕೊಳ್ಳಬೇಕು.

"ನೀವು ಯಾರ್ಗೂ ಹೇಳ್ಬೇಡಿ. ಹೇಳೋದಾದ್ರೆ ನಾನೇ ಹೇಳ್ತೀನಿ" ಎಂದು ಮಾತು ತೆಗೆದುಕೊಂಡಳು. ಕೊಟ್ಟೆ.

ಕೊಟ್ಟ ಮಾತು ಎಷ್ಟು ಭಾರವೆಂದು ಆಮೇಲೆ ತಿಳಿಯಿತು. ವರ್ಷ ಕಳೆದರೂ ಅವಳು ಹೇಳಲಿಲ್ಲ. ಕರಿಬಸಮ್ಮ ಕೂಗುವುದನ್ನು ಬಿಡಲಿಲ್ಲ. ನನಗೆ ದ್ಯಾಮಮ್ಮನ ಮೇಲೆ ಸಿಟ್ಟು ಬರುತ್ತಿತ್ತು, ಅವಳನ್ನು ಕಂಡರೆ ಆ ಸಿಟ್ಟು ಉಳಿಯುತ್ತಿರಲಿಲ್ಲ. ಹಿಡಿ ಮೂಳೆಯಾಗಿದ್ದಳು. ಮಾರ್ಗಶಿರದ ಚಳಿಯಲ್ಲೂ ಕಂಬಳಿ ಹೊದೆಯುತ್ತಿರಲಿಲ್ಲ. ಬರೀ ಸೀರೆಯ ಸೆರಗು ಮುಚ್ಚಿಕೊಂಡು ನಡುಗುತ್ತ ಮಲಗುವಳೆಂದು ಪಕ್ಕದ ಮನೆಯವರು ಹೇಳಿದರು. ನಾನು ಕೇಳಿದ್ದಕ್ಕೆ, "ಹೊದ್ಕೊಂಡ್ರೆ ಒಳಗೆ ಏನೋ ತಿಂತಾ ಇದ್ದಂಗೆ ಸದ್ದು ಕೇಳ್ತದೆ. ಗೆದ್ಲು ತಿಂತದಲ್ಲ, ಹಂಗೆ. ಕಿತ್ತಾಕಿದ್ರೆ ನಿಲ್ತದೆ" ಎಂದಳು. ಹೊಲಿಯುವುದನ್ನೂ ಬಿಟ್ಟಿದ್ದಳು. ಬೇರೆ ಯಾರೋ ಹೊಲಿದ ಕಂಬಳಿಗಳು ಸಂತೆಗೆ ಹೋಗಿ ಆರು ತಿಂಗಳಿಗೇ ಬಾಯಿ ಬಿಡುತ್ತಿದ್ದವು, ಜನ ಗೊಣಗುತ್ತಿದ್ದರು.

ಎಂಬತ್ತನಾಲ್ಕರಲ್ಲಿ ಸಾಹುಕಾರರು ಕಾರ್ಖಾನೆಯನ್ನು ಇನ್ನೊಬ್ಬರಿಗೆ ಮಾರಿದರು. ಹೊಸಬರು ಹೊಸ ಟ್ಯಾಂಕು ತರಿಸಿದರು. ಹಳೆಯ ಆಳುಗಳು ಕಂಬಳಿಯ ಉಪಾಯವನ್ನು ಅವರಿಗೆ ಹೇಳಿಕೊಟ್ಟರು. ಒಂದು ಬೆಳಿಗ್ಗೆ ಹೊಸ ಮ್ಯಾನೇಜರು ದ್ಯಾಮಮ್ಮನ ಮನೆ ಕೇಳಿಕೊಂಡು ಬಂದ. ದಾರಿ ತೋರಿಸಲು ನಾನೂ ಹೋಗಿದ್ದೆ.

"ಹಳೇ ಟ್ಯಾಂಕಿಗೆ ನೀವೇ ಹೊಲಿದಿದ್ದಂತೆ. ಕಬ್ಬಿಣ ಒಡೆದ್ರೂ ಹೊಲಿಗೆ ಒಡೀಲಿಲ್ಲ ಅಂತ ಎಲ್ಲಾ ಹೇಳ್ತಾರೆ. ಇದಕ್ಕೂ ಹಂಗೇ ಹೊಲಿದುಕೊಡಿ ಅಮ್ಮಾ" ಎಂದ. ಪಾಪ, ಹೊಗಳಿದೆನೆಂದೇ ಅವನ ಎಣಿಕೆ.

ದ್ಯಾಮಮ್ಮ ಕೇಳಿದ್ದು ಒಂದೇ ಮಾತು: "ಮೇಲೆ ನಿಲ್ಲೋರು ಯಾರು?"

"ರಂಗಯ್ಯ ಅಂತ. ಇದೇ ಬೀದಿಯೋನು, ಆ ಸತ್ತ ಕರಿಯಪ್ಪನ ತಮ್ಮ. ಅವನ ಮನೆಗೇ ಕೆಲಸ ಕೊಡೋಣ ಅಂತ."

ಅವಳು ಎದ್ದು ಅಡುಗೆಮನೆಗೆ ಹೋದಳು. ಮ್ಯಾನೇಜರು ನನ್ನ ಮುಖ ನೋಡಿದ. ನಾನು ಅವನನ್ನು ಕರೆದುಕೊಂಡು ಹೊರಗೆ ಬಂದೆ.

ಅಂದು ಸಂಜೆ ನನಗೆ ಹೇಳಿಕಳಿಸಿದಳು. ನಾನು ಹೋಗುವ ಹೊತ್ತಿಗೆ ಬೀದಿಯಲ್ಲಿ ಜನ ಸೇರಿದ್ದರು. ದ್ಯಾಮಮ್ಮ ಹೆಗಲ ಮೇಲೆ ಒಂದು ಕರಿ ಕಂಬಳಿ ಹಾಕಿಕೊಂಡು ಕರಿಬಸಮ್ಮನ ಮನೆಯತ್ತ ನಡೆಯುತ್ತಿದ್ದಳು. ಮೂರು ವರ್ಷದಲ್ಲಿ ಅವಳ ಮೈಮೇಲೆ ಕಂಬಳಿ ಕಂಡದ್ದು ಅದೇ ಮೊದಲು. ಕರಿಬಸಮ್ಮ ಹೊರಡಲು ಸಿದ್ಧವಾಗಿ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಮೈದುನ ರಂಗಯ್ಯ. ದ್ಯಾಮಮ್ಮ ಕಂಬಳಿಯನ್ನು ಅವರ ಬಾಗಿಲ ಮುಂದೆ ನೆಲಕ್ಕೆ ಹಾಸಿ, ಅದರ ಮೇಲೆ ಕೂತಳು. ಕಂಬಳಿಯ ಮೇಲೆ ಕೂತು ಸುಳ್ಳು ಹೇಳಿದರೆ ವಂಶ ಉಳಿಯುವುದಿಲ್ಲ ಎಂದು ಆ ಜನ ನಂಬುತ್ತಾರೆ. ನ್ಯಾಯಕ್ಕೆ ಕೂರುವಾಗ ಮಾತ್ರ ಹಾಗೆ ಹಾಸುವುದು, ಅದೂ ಗಂಡಸರು. ಹೆಂಗಸೊಬ್ಬಳು ತಾನಾಗಿ ಹಾಸಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಕೆಂಪುನೀರು ಸೋರಿದ್ದು, ಗಂಡ ಬಿಚ್ಚು ಎಂದದ್ದು, ತಾನು ಬೈದದ್ದು, ದೇವರ ಹೆಸರು ಹೇಳಿ ತಡೆದದ್ದು. "ಅವ್ರ ತಪ್ಪಿಲ್ಲ ಕಣೇ ಕರಿಬಸೀ. ಅವ್ರು ನೋಡಾನ ಅಂದಿದ್ರು. ಬ್ಯಾಡ ಅಂದೋಳು ನಾನು. ನಿನ್ ಗಂಡನ್ನೂ ನನ್ ಗಂಡನ್ನೂ ತಿಂದಿದ್ದು ನನ್ ಹೊಲಿಗೆ. ರಂಗಣ್ಣಾ, ಬಿಚ್ಚೋಕಾಗ್ದಂಗೆ ಹೊದಿಸಿದ್ರೆ ಆ ಟ್ಯಾಂಕ್ ಹತ್ಬ್ಯಾಡಪ್ಪ."

ಸೋಮಶೇಖರಪ್ಪ ಹೇಳಿದ್ದನ್ನು ನಾನು ಹೇಳಿದೆ. ಮಾರನೆಯ ದಿನ ರಂಗಯ್ಯ ಮ್ಯಾನೇಜರನಿಗೆ ಖಡಾಖಂಡಿತವಾಗಿ ಹೇಳಿದ: ಕಂಬಳಿಗೆ ಹೊಲಿಗೆ ಬೇಡ, ಹಗ್ಗ ಕಟ್ಟಬೇಕು, ವರ್ಷಕ್ಕೊಮ್ಮೆ ಬಿಚ್ಚಿ ಕಬ್ಬಿಣ ನೋಡಬೇಕು, ಇಲ್ಲವಾದರೆ ತಾನು ಹತ್ತುವುದಿಲ್ಲ. ಮ್ಯಾನೇಜರು ಒಪ್ಪಿದ. ರಂಗಯ್ಯ ಈಗಲೂ ಇದ್ದಾನೆ, ಮೊಮ್ಮಕ್ಕಳನ್ನು ಆಡಿಸುತ್ತಾನೆ.

ಆದರೆ ಅಂದು ಸಂಜೆ ನಾವೆಲ್ಲ ನೋಡುತ್ತಿದ್ದದ್ದು ಕರಿಬಸಮ್ಮನನ್ನು. ಕೂದಲು ಹಿಡಿದು ಎಳೆಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡಿದ್ದೆವು. ದ್ಯಾಮಮ್ಮನೂ ಅದಕ್ಕೆ ಸಿದ್ಧಳಾಗಿಯೇ ತಲೆ ಬಗ್ಗಿಸಿ ಕೂತಿದ್ದಳು. ಕರಿಬಸಮ್ಮ ಏನೂ ಮಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಅವಳು ಲಕ್ಕಣ್ಣನನ್ನು ಕೂಗಲಿಲ್ಲ. ಮಾರನೆಯ ದಿನವೂ ಇಲ್ಲ. ಆಮೇಲೆ ಬರಲೇ ಇಲ್ಲ.

ಅಂತೂ ಪೀಡೆ ಕಳೆಯಿತು ಎಂದುಕೊಂಡೆ ನಾನು. ಬೀದಿಯವರು ಲಕ್ಕಣ್ಣನ ಹೆಸರನ್ನು ಮರ್ಯಾದೆಯಿಂದ ಆಡತೊಡಗಿದರು. ಗೆಳೆಯನಿಗಾಗಿ ಹಾರಿದವನು ಎಂದು ನಾನು ಮೂರು ವರ್ಷ ಬಡಿದುಕೊಂಡದ್ದನ್ನು ಈಗ ತಾವೇ ಕಂಡವರ ಹಾಗೆ ನನಗೇ ತಿರುಗಿ ಹೇಳಿದರು. ಈ ಊರಿನ ಜನಕ್ಕೆ ಏನು ಹೇಳಲಿ. ದ್ಯಾಮಮ್ಮ ಇನ್ನಾದರೂ ಮೈ ತುಂಬಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಇನ್ನಷ್ಟು ಸೊರಗಿದಳು. ಸಂಜೆಯಾದರೆ ಹೊಸ್ತಿಲಿಗೆ ಬಂದು ಬೀದಿಯ ಆ ತುದಿ ನೋಡುತ್ತ ಕೂರುವಳು.

ಒಂದು ದಿನ ನನ್ನನ್ನೂ ಜತೆಗೆ ಕರೆದುಕೊಂಡು ಕರಿಬಸಮ್ಮನ ಮನೆಗೆ ಹೋದಳು. ಕರಿಬಸಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಬಾರೇ ಕರಿಬಸೀ" ಎಂದಳು ದ್ಯಾಮಮ್ಮ. "ಬೈಯೋಕಾದ್ರೂ ಬಾ. ಈಗ ನನ್ ಹೆಸರಿಡಿದೇ ಕೂಗು. ಬಾಗಿಲ್ ತೆಗ್ದು ಕುಂತಿರ್ತೀನಿ."

ಕರಿಬಸಮ್ಮ ಮೊರವನ್ನು ಮಡಿಲ ಮೇಲಿಟ್ಟುಕೊಂಡು ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸತ್ತೋನ್ನ ಕೇಳ್ತಿದ್ದೆ, ಅವ್ನು ಹೇಳಲ್ಲ ಅಂತ ಗೊತ್ತಿತ್ತು. ಅದಕ್ಕೇ ದಿನಾ ಕೇಳೋಕಾಗ್ತಿತ್ತು. ನೀನು ಹೇಳ್ಬಿಟ್ಟೆ. ಇನ್ನೇನ್ ಕೇಳ್ಲಿ ನಿನ್ನ? ಹೋಗು" ಎಂದು ಮತ್ತೆ ರಾಗಿ ಕೇರತೊಡಗಿದಳು.

ಹಿಂದಿರುಗುವಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ದ್ಯಾಮಮ್ಮನನ್ನು ಬಾಗಿಲವರೆಗೆ ಬಿಟ್ಟು ನಾನು ನಾಲ್ಕು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಕೂಗು ಕೇಳಿಸಿತು. ಕರಿಬಸಮ್ಮನೇ ಬಂದಳೇನೋ ಎಂದು ತಿರುಗಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ದ್ಯಾಮಮ್ಮ ತನ್ನ ಮನೆಯ ಅಂಗಳದಲ್ಲಿ, ಕರಿಬಸಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಒಳಗಿನ ಕತ್ತಲೆಗೆ ಮುಖ ಮಾಡಿದ್ದಳು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಲಕ್ಕಣ್ಣ ಬದುಕಿದ್ದಾಗ ಒಂದು ದಿನವೂ ಅವಳು ಕರೆದವಳಲ್ಲ.

"ಲಕ್ಕಣ್ಣಾ" ಎಂದು ಕೂಗಿದಳು. "ಏ ಲಕ್ಕಣ್ಣಾ, ನನ್ ಮಾತು ಯಾಕೋ ಕೇಳ್ದೆ?"

ಸ್ವಲ್ಪ ಹೊತ್ತು ಉತ್ತರಕ್ಕೆ ಕಾದು, ಒಳಗೆ ಹೋದಳು. ಎಂಬತ್ತೊಂಬತ್ತರಲ್ಲಿ ಅವಳು ತೀರಿಕೊಳ್ಳುವವರೆಗೂ ಆ ಬೀದಿಯವರು ದೀಪದ ಹೊತ್ತಿಗೆ ಬಾಗಿಲು ಹಾಕಿಕೊಳ್ಳುವುದನ್ನು ಬಿಡಲಿಲ್ಲ.